ಹೊರಟು ನಿಂತ ಪಾರ್ಕು

ನಮ್ಮೂರಿನಲ್ಲಿ ಪುರಸಭೆಯ ಯಾವ ಸ್ವತ್ತೂ ನಿನ್ನೆ ಇದ್ದ ಜಾಗದಲ್ಲೇ ಇವತ್ತೂ ಇರುತ್ತದೆ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ನನಗೆ ಸರ್ಕಾರಿ ಕೆಲಸ ಸಿಕ್ಕಿದ್ದೇ ಆ ಕಾರಣಕ್ಕೆ. ನನ್ನ ಹೆಸರು ಚೂಡಾಮಣಿ, ಹುದ್ದೆ ಸ್ಥಳ ವೀಕ್ಷಕಿ. ಬೆಳಿಗ್ಗೆ ಆರಕ್ಕೆ ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಡುತ್ತೇನೆ. ಇನ್ನೂರ ಹನ್ನೆರಡು ದೀಪದ ಕಂಬ, ಮೂವತ್ತನಾಲ್ಕು ಕಲ್ಲುಬೆಂಚು, ಹತ್ತೊಂಬತ್ತು ನಲ್ಲಿ, ಮೂರು ಮೂತ್ರಾಲಯ, ಇವೆಲ್ಲ ಎಲ್ಲೆಲ್ಲಿಗೆ ಹೋಗಿ ನಿಂತಿವೆ ಎಂದು ನೋಡಿ ಬರೆದುಕೊಂಡು ಹತ್ತೂವರೆಗೆ ಆಫೀಸಿಗೆ ಬರಬೇಕು. ಆಮೇಲೆ ಜನ ವಿಚಾರಿಸಲು ಬರುತ್ತಾರೆ. “ಚೂಡಕ್ಕ, ನಮ್ಮ ಬೀದಿ ನಲ್ಲಿ ಎಲ್ಲೋಯ್ತು?” ಎನ್ನುತ್ತಾರೆ. ಮೇಲಿನ ಬೀದಿಯಲ್ಲಿ ಮದುವೆ ಇದೆ, ಅಲ್ಲಿಗೆ ಹೋಗಿದೆ, ನಾಳಿದ್ದು ಬರುತ್ತೆ ಎಂದರೆ ಕೊಡ ಎತ್ತಿಕೊಂಡು ಅಲ್ಲಿಗೇ ಹೋಗುತ್ತಾರೆ. ನಮ್ಮೂರಿನವರು ಯಾರಿಗಾದರೂ ದಾರಿ ಹೇಳುವಾಗ ಬೆಂಚು, ಕಂಬಗಳನ್ನು ಗುರುತಾಗಿ ಹೇಳುವುದಿಲ್ಲ. ಮರ, ಬಾವಿ, ಜಗಳಗಂಟರ ಮನೆ, ಇಂಥ ಕದಲದ ವಸ್ತುಗಳನ್ನೇ ಹೇಳುತ್ತಾರೆ.

ಅವು ಸುಮ್ಮಸುಮ್ಮನೆ ಎದ್ದು ಹೋಗುವುದಿಲ್ಲ. ಬೇಕು ಎನ್ನುವ ಕಡೆಗೆ ಹೋಗುತ್ತವೆ. ಪುರಸಭೆ ಮುಂದಿನ ಬೆಂಚಿನ ಮೇಲೆ ಅಧ್ಯಕ್ಷರ ಕಾರಿನ ಡ್ರೈವರ್ ಬಿಟ್ಟರೆ ಬೇರೆ ಯಾರೂ ಕೂರುತ್ತಿರಲಿಲ್ಲ, ಅದು ದರ್ಜಿ ಅಂಗಡಿಯ ಮುಂದೆ ಹೋಗಿ ನಿಂತಿತು. ಎಂಟು ವರ್ಷವಾಯಿತು, ಅಲ್ಲೇ ಇದೆ. ಒಂದು ಮೂತ್ರಾಲಯ ಮಾತ್ರ ವಕೀಲರ ಮನೆ ಬಾಗಿಲಿಗೇ ಬಂದು ನಿಂತು ಎರಡು ತಿಂಗಳು ನನ್ನ ಪ್ರಾಣ ತಿಂದಿತು. ಎಳೆದು ತರುವ ಹಾಗಿಲ್ಲ. ನನಗಿಂತ ಹಿಂದೆ ಈ ಹುದ್ದೆಯಲ್ಲಿದ್ದವರು ಒಂದು ನಲ್ಲಿಯನ್ನು ಎತ್ತಿನ ಗಾಡಿಯಲ್ಲಿ ಹೇರಿಸಿ ವಾಪಸು ತಂದರು, ಅದು ಹನ್ನೊಂದು ವರ್ಷ ಒಂದು ತೊಟ್ಟು ನೀರು ಕೊಡಲಿಲ್ಲ. ಊರಿನ ಗಡಿಕಲ್ಲು ದಾಟಿತೋ, ಅದು ಪಕ್ಕದೂರಿನ ಪಾಲು. ಪಕ್ಕದೂರಿನ ಚೌಕದಲ್ಲಿ ಗಡಿಯಾರದ ಗೋಪುರ ಇದೆಯಲ್ಲ, ಅದು ನಮ್ಮದು. ಅಲ್ಲಿಯವರು ಅದರ ಫೋಟೋ ಹಾಕಿ ಕ್ಯಾಲೆಂಡರ್ ಮಾಡಿಸಿ ಪ್ರತಿ ವರ್ಷ ನಮ್ಮ ಆಫೀಸಿಗೂ ಒಂದು ಕಳಿಸುತ್ತಾರೆ.

ಇಷ್ಟೆಲ್ಲದರ ನಡುವೆ ನಲವತ್ತು ವರ್ಷದಿಂದ ಕದಲದೆ ಇದ್ದದ್ದು ಒಂದೇ, ಆಸ್ಪತ್ರೆ ಪಕ್ಕದ ಪಾರ್ಕು. ಎರಡು ಎಕರೆ ಜಾಗ, ಇಪ್ಪತ್ತಾರು ಹೊಂಗೆ, ಒಂದು ಅತ್ತಿ, ನಾಲ್ಕು ಬೇವು. ನಮ್ಮೂರಿನಲ್ಲಿ ನೆರಳು ಎಂದರೆ ಅದೇ. ಹಳ್ಳಿಗಳಿಂದ ರೋಗಿಗಳ ಜೊತೆ ಬಂದವರು ವಾರಗಟ್ಟಲೆ ಅಲ್ಲೇ ಇರುತ್ತಿದ್ದರು. ಮೂರು ಇಟ್ಟಿಗೆ ಇಟ್ಟು ಗಂಜಿ ಬೇಯಿಸುತ್ತಿದ್ದರು, ಸೀರೆ ಪಂಚೆ ಒಣಗಿಸುತ್ತಿದ್ದರು, ಆಸ್ಪತ್ರೆ ಕಿಟಕಿಯಿಂದ ನರ್ಸು ಕೂಗಿದರೆ ಎದ್ದು ಓಡುತ್ತಿದ್ದರು. ಕದಲುವುದೇ ಇಲ್ಲವಲ್ಲ ಎಂದು ನಾನು ಅದನ್ನು ಹೋಗಿ ನೋಡುವುದನ್ನೇ ಬಿಟ್ಟಿದ್ದೆ. ಆಫೀಸಿನಲ್ಲಿ ಕಾಫಿ ಕುಡಿಯುತ್ತ ‘ಪಾರ್ಕು, ಸ್ಥಳದಲ್ಲಿದೆ’ ಎಂದು ಬರೆದುಬಿಡುತ್ತಿದ್ದೆ. ಒಂದು ದಿನ ಎರಡು ದಿನವಲ್ಲ, ಹತ್ತೊಂಬತ್ತು ತಿಂಗಳು.

ಆ ಹತ್ತೊಂಬತ್ತು ತಿಂಗಳ ಹಿಂದೆ ನಮ್ಮ ಅಧ್ಯಕ್ಷ ನಂಜುಂಡಾರಾಧ್ಯರಿಗೆ ಪಾರ್ಕನ್ನು ಅಭಿವೃದ್ಧಿ ಮಾಡುವ ಹುಮ್ಮಸ್ಸು ಬಂದಿತ್ತು. ಅವರು ಕೆಟ್ಟವರಲ್ಲ. ಚೊಕ್ಕಟದ ಹುಚ್ಚು ಜಾಸ್ತಿ, ಅಷ್ಟೆ. ಪಾರ್ಕಿನಲ್ಲಿ ಒಲೆಯ ಮಸಿ, ಒದ್ದೆ ಬಟ್ಟೆ, ಮಲಗಿದ ಜನ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಎಲ್ಲರನ್ನೂ ಎಬ್ಬಿಸಿ, ಸುತ್ತ ಮರಗಳೂ ಮರೆಯಾಗುವಷ್ಟು ಎತ್ತರದ ತಗಡು ಕಟ್ಟಿಸಿ, ಗೇಟಿಗೆ ಬೀಗ ಹಾಕಿಸಿದರು. ಗೇಟಿನ ಮೇಲೆ ಒಂದು ಬೋರ್ಡು: ಕೂರಬಾರದು, ಮಲಗಬಾರದು, ಅಡುಗೆ ಮಾಡಬಾರದು, ಬಟ್ಟೆ ಒಣಗಿಸಬಾರದು, ಹೀಗೆ ಹದಿನಾಲ್ಕು. ಪಾರ್ಕಿನ ಮಾಲಿ ದೊಡ್ಡೀರಯ್ಯನನ್ನು ಪುರಸಭೆಯ ಕುಂಡಗಳಿಗೆ ನೀರು ಹಾಕಲು ಹಾಕಿದರು. ತಗಡಿನ ಒಳಗೆ ಏನಾಗುತ್ತಿದೆ ಎಂದು ಯಾರೂ ಇಣುಕಿ ನೋಡಲಿಲ್ಲ. ನೋಡಬೇಕಾದವಳು ನಾನು, ನಾನೂ ನೋಡಲಿಲ್ಲ.

ಒಂದು ಸೋಮವಾರ ಹನ್ನೊಂದು ಗಂಟೆಗೆ ನನ್ನ ಕಿಟಕಿಗೆ ಒಬ್ಬ ಹೆಂಗಸು ಬಂದಳು. ಐವತ್ತರ ಆಸುಪಾಸು, ತಲೆ ಮೇಲೆ ಒದ್ದೆ ಟವೆಲು, ಕೈಯಲ್ಲಿ ಗಂಜಿ ಪಾತ್ರೆ. ಹೆಸರು ಕೆಂಪಾಜಮ್ಮ. ಗಂಡ ಹುಣಸೆಹಣ್ಣು ಉದುರಿಸಲು ಹೋಗಿ ಮರದಿಂದ ಬಿದ್ದು ಆಸ್ಪತ್ರೆ ಸೇರಿ ಆರು ದಿನವಾಗಿತ್ತು.

“ಅಮ್ಮಾ, ಆಸ್ಪತ್ರೆ ಮಗ್ಗುಲಲ್ಲಿ ಪಾರ್ಕದೆ, ನೆಳ್ಳಲ್ಲಿ ಕೂತಿರು ಅಂತ ನಮ್ಮೂರೋರು ಹೇಳಿ ಕಳ್ಸವ್ರೆ. ಎಲ್ಲದೆ ತಾಯಿ ಅದು?” ಎಂದಳು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. “ಆಸ್ಪತ್ರೆ ಮಗ್ಗುಲಲ್ಲೇ ಇದೆ. ಕಣ್ಣು ಬಿಟ್ಟು ನೋಡಿದ್ರೆ ಕಾಣುತ್ತೆ,” ಎಂದೆ.

“ತಗಡು ಸಂದೀಲಿ ನೋಡ್ದೆ ಕಣಮ್ಮ. ಒಳಗೆ ಬರೀ ಮಣ್ಣದೆ. ಒಂದು ಗರಿಕೆ ಹುಲ್ಲೂ ಇಲ್ಲ.”

ಅವಳ ಹಿಂದೆಯೇ ಹೋಗಿ ತಗಡಿನ ಸಂದಿಗೆ ಕಣ್ಣಿಟ್ಟೆ. ಅವಳು ಹೇಳಿದ್ದು ನಿಜ. ಎರಡು ಎಕರೆ ಕೆಂಪು ಮಣ್ಣು, ಮರ ಇದ್ದ ಕಡೆ ಒಂದು ಗುಣಿಯೂ ಇಲ್ಲ. ರೋಗಿಗಳ ಕಡೆಯವರು ಐವತ್ತು ಅರವತ್ತು ಜನ ಆಸ್ಪತ್ರೆ ಮುಂದಿನ ಚರಂಡಿ ಕಲ್ಲಿನ ಮೇಲೆ ಸಾಲಾಗಿ ಬಿಸಿಲಲ್ಲಿ ಕೂತಿದ್ದರು. ಹತ್ತೊಂಬತ್ತು ತಿಂಗಳು ನಾನು ಆ ರಸ್ತೆಗೆ ಬಾರದೆ ಸುತ್ತು ಹಾಕಿಕೊಂಡು ಓಡಾಡಿದ್ದೆ, ಇದೊಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪಾರ್ಕು ಸಿಕ್ಕಿದ್ದು ಮಧ್ಯಾಹ್ನ ಎರಡು ಗಂಟೆಗೆ, ಊರಿನ ಪೂರ್ವಕ್ಕೆ, ಕಸ ಸುರಿಯುವ ಬಯಲಿನ ಆಚೆ. ಜನ ಕಾಲಿಡದ ಜಾಗ. ಇಪ್ಪತ್ತಾರು ಹೊಂಗೆ, ಅತ್ತಿ, ನಾಲ್ಕು ಬೇವು, ಎಲ್ಲ ಇದ್ದವು. ಎಲ್ಲವೂ ಪಕ್ಕದೂರಿನ ಕಡೆಗೆ ಒಂಚೂರು ಬಾಗಿ ನಿಂತಿದ್ದವು. ಅಂಚಿನಿಂದ ಗಡಿಕಲ್ಲಿಗೆ ಹೆಜ್ಜೆ ಹಾಕಿ ಅಳೆದೆ, ತೊಂಬತ್ತಾರು. ಮಾರನೇ ದಿನ ಅಳೆದರೆ ತೊಂಬತ್ತು. ಪಕ್ಕದೂರಿನ ಬಸ್ ಸ್ಟ್ಯಾಂಡಿನಲ್ಲಿ ದಿನಾ ನೂರಾರು ಜನ ಬಿಸಿಲಲ್ಲಿ ನಿಲ್ಲುತ್ತಾರೆ, ಅತ್ತ ಹೊರಟಿತ್ತು ಅದು. ಗಡಿಯ ಆಚೆ ಅವರು ಆಗಲೇ ಹಸಿರು ಕಮಾನು ಕಟ್ಟಿ ‘ಸುಸ್ವಾಗತ’ ಎಂದು ಬರೆಸಿದ್ದರು. ಅವರ ಸ್ಥಳ ವೀಕ್ಷಕ ನನ್ನ ಹಾಗೆ ಕೂತಲ್ಲೇ ಬರೆಯುವವನಲ್ಲ ಎಂದು ಕಾಣುತ್ತದೆ.

ಮಂಗಳವಾರ ತುರ್ತು ಸಭೆ ಸೇರಿತು. ನಾನು ಎದ್ದು ನಿಂತು ತಪ್ಪು ನನ್ನದು ಎಂದು ಹೇಳಿದೆ. ಪಾರ್ಕು ಗಡಿ ದಾಟಿದ ದಿನವೇ ನನ್ನ ಕೆಲಸ ಹೋಗುತ್ತದೆ ಎಂದು ಅಲ್ಲೇ ತೀರ್ಮಾನ ಬರೆದರು. ನ್ಯಾಯವೇ ಬಿಡಿ. ಆಮೇಲೆ ಅದನ್ನು ತಡೆಯುವುದು ಹೇಗೆ ಎಂಬ ಮಾತು ಬಂತು.

“ಅದಕ್ಕೆ ಬೇಜಾರಾಗಿದೆ,” ಎಂದರು ನಂಜುಂಡಾರಾಧ್ಯರು. “ನಾವು ಅಭಿವೃದ್ಧಿ ಮಾಡ್ತೀವಿ ಅಂತ ಹೇಳಿ ಮಾಡ್ಲಿಲ್ಲ. ಈಗ ಇರೋ ಕಡೇಲೇ ಮಾಡ್ಬಿಡೋಣ.”

ಬುಧವಾರದಿಂದ ಶುರುವಾಯಿತು. ಮರಗಳ ಬುಡಕ್ಕೆಲ್ಲ ಸುಣ್ಣ ಮತ್ತು ಕೆಮ್ಮಣ್ಣು, ಕೊಂಬೆಗಳಿಗೆ ಬಣ್ಣದ ಬಲ್ಬು, ಮಧ್ಯದಲ್ಲಿ ಹಾಡಿಗೆ ಕುಣಿಯುವ ಕಾರಂಜಿ, ಸಿಮೆಂಟಿನ ಜಿರಾಫೆ ಎರಡು. ಅಧ್ಯಕ್ಷರು ರಿಬ್ಬನ್ ಕತ್ತರಿಸಿದರು. ಮಾರನೇ ದಿನ ಹೋಗಿ ನೋಡಿದರೆ ಜಿರಾಫೆಗಳು ಕಾರಂಜಿಯ ಸಮೇತ ಬಯಲಲ್ಲಿ ನಿಂತಿದ್ದವು, ಪಾರ್ಕು ಅವುಗಳ ಕಾಲ ಕೆಳಗಿನಿಂದ ಜಾರಿಕೊಂಡು ಹನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಅವನ್ನು ಎತ್ತಿಕೊಂಡು ಹೋಗಿ ಮತ್ತೆ ಒಳಗಿಟ್ಟರು. ಮತ್ತೆ ಹನ್ನೊಂದು ಹೆಜ್ಜೆ. ನಾಲ್ಕು ದಿನ ಹೀಗೇ ನಡೆಯಿತು. ಮುಂದಿನ ಸೋಮವಾರ ಬೆಳಿಗ್ಗೆ ಅಳೆದಾಗ ಉಳಿದಿದ್ದು ಮೂವತ್ತು ಹೆಜ್ಜೆ.

ಅವತ್ತು ಮಾಲಿ ದೊಡ್ಡೀರಯ್ಯ ನನ್ನ ಜೊತೆ ಬಂದಿದ್ದ. ನಿವೃತ್ತಿಗೆ ಒಂದೇ ವರ್ಷ ಇರುವ ಮನುಷ್ಯ, ಮಾತು ಕಮ್ಮಿ. ಬಲ್ಬಿನ ವೈರುಗಳನ್ನೆಲ್ಲ ಬಿಚ್ಚಿ ಸುತ್ತಿ ಪಕ್ಕಕ್ಕಿಟ್ಟು, ಹೊಂಗೆಯ ಬುಡದಲ್ಲಿ ಕೂತು, ಬುತ್ತಿ ಬಿಚ್ಚಿ ನನಗೂ ಅರ್ಧ ಮುದ್ದೆ ಮುರಿದು ಕೊಟ್ಟ. ನಾನು ಅದನ್ನು ತಿನ್ನದೆ ಕೈಯಲ್ಲೇ ಹಿಡಿದು ಕೂತೆ.

“ಉಣ್ಣಕ್ಕ,” ಎಂದ. “ಆವತ್ತೂ ನೀನು ಹಿಂಗೇ ಮಾಡ್ತಿದ್ದೆ. ನಿಮ್ಮವ್ವ ಆಸ್ಪತ್ರೇಲಿ ಮಲಗಿದ್ರು. ನಾನೇ ಮೂರು ಇಟ್ಟಿಗೆ ತಂದ್ಕೊಟ್ಟಿದ್ದೆ ಒಲೆಗೆ. ನೀನು ಗಂಜಿ ಬೇಯ್ಸಿ ಅವ್ರಿಗೆ ಕೊಟ್ಟು ಬಂದು, ನಿನ್ ಪಾಲು ಹಂಗೇ ಬಿಟ್ಬಿಟ್ಟು ಮರ ಒರಗ್ಕಂಡು ಕೂತಿರ್ತಿದ್ದೆ.”

ನಾನು ಇದನ್ನು ಯಾರಿಗೂ ಹೇಳಿರಲಿಲ್ಲ. ಮೂರು ವರ್ಷದ ಹಿಂದೆ ಅಮ್ಮ ಆ ಆಸ್ಪತ್ರೆಯಲ್ಲಿ ಮೂವತ್ತಮೂರು ದಿನ ಇದ್ದಳು. ಆ ಮೂವತ್ತಮೂರು ದಿನವೂ ನಾನು ಆ ಪಾರ್ಕಿನಲ್ಲೇ ಇದ್ದೆ. ಪಕ್ಕದಲ್ಲಿ ಕೂತಿದ್ದ ಯಾವಳೋ ಗುರುತಿಲ್ಲದ ಹೆಂಗಸು ನನ್ನ ತಲೆ ಬಾಚುತ್ತಿದ್ದಳು, ಇನ್ಯಾರೋ ನಾನು ಮೇಲೆ ಹೋದಾಗ ನನ್ನ ಒಲೆ ನೋಡಿಕೊಳ್ಳುತ್ತಿದ್ದರು. ಮೂವತ್ತಮೂರನೇ ದಿನ ಮಧ್ಯಾಹ್ನ ನರ್ಸು ಕಿಟಕಿಯಿಂದ ನನ್ನ ಹೆಸರು ಕೂಗಿದಳು. ಅವತ್ತಿನಿಂದ ಆ ಕಡೆ ಕಾಲಿಡಲು ನನಗೆ ಆಗುತ್ತಿರಲಿಲ್ಲ. ಮೊದಮೊದಲು ದೂರದಿಂದ ಮರದ ತುದಿ ನೋಡಿ ಬರೆಯುತ್ತಿದ್ದೆ, ಆಮೇಲೆ ಅದನ್ನೂ ಬಿಟ್ಟೆ. ಸೋಮಾರಿತನ ಎಂದು ಸಭೆಯಲ್ಲಿ ಬೈಸಿಕೊಂಡೆ, ದುಃಖ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು. ದೊಡ್ಡೀರಯ್ಯನ ಎದುರಿಗೆ ಮುದ್ದೆ ಕೈಯಲ್ಲಿ ಹಿಡಿದುಕೊಂಡೇ ಜೋರಾಗಿ ಅತ್ತುಬಿಟ್ಟೆ. ಅವನು ಅತ್ತ ತಿರುಗಿ ಕೂತು ತನ್ನ ಪಾಡಿಗೆ ಊಟ ಮಾಡಿದ.

ಅತ್ತು ಮುಗಿದ ಮೇಲೆ ತಲೆ ತಿಳಿಯಾಯಿತು. ದರ್ಜಿ ಅಂಗಡಿಯಲ್ಲಿ ಕಾಯುವ ಜನ ಇದ್ದರು, ಬೆಂಚು ಹೋಯಿತು. ಮದುವೆ ಮನೆಯಲ್ಲಿ ನೀರು ಬೇಕಿತ್ತು, ನಲ್ಲಿ ಹೋಯಿತು. ಈ ಪಾರ್ಕಿಗೆ ಜಿರಾಫೆ ಯಾಕೆ? ಅದಕ್ಕೆ ಬೇಕಾದವರು ಚರಂಡಿ ಕಲ್ಲಿನ ಮೇಲೆ ಕೂತಿದ್ದಾರೆ. ಬೇಕು ಎಂದು ಅದರ ಜಾಗದಲ್ಲಿ ಕೂತು ಕಾಯುವವರನ್ನು ನಾವೇ ಎಬ್ಬಿಸಿ ಓಡಿಸಿ, ತಗಡು ಕಟ್ಟಿ, ಅದು ಹೋಯಿತಲ್ಲ ಎಂದು ಇಲ್ಲಿ ಬಾಯಿ ಬಡಿದುಕೊಳ್ಳುತ್ತಿದ್ದೇವೆ.

ಮೊದಲು ಕೆಂಪಾಜಮ್ಮನ ಹತ್ತಿರ ಹೋಗಿ, ಎಲ್ಲರೂ ಕಸದ ಬಯಲಿನ ಆಚೆಗೆ ಬಂದು ಪಾರ್ಕಿನಲ್ಲಿ ಕೂರುತ್ತೀರಾ ಎಂದು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಡಾಕ್ಟ್ರು ಕೂಗಿದ್ರೆ ಮೂರು ಮೈಲಿ ಓಡ್ಬಂದು ‘ಬಂದೆ’ ಅನ್ನಾದಾ? ನಾವು ಕದಲಾಕಿಲ್ಲ ಕಣಮ್ಮ. ಬೇಕಾದ್ರೆ ಅದೇ ಬರ್ಲಿ.”

“ಹಂಗಾದ್ರೆ ಅದರ ಜಾಗದಲ್ಲಿ ಹೋಗಿ ಕೂರ್ತೀರಾ? ಬರೀ ಮಣ್ಣಿನ ಮೇಲೆ?”

“ಬೀಗ ಹಾಕವ್ರಲ್ಲ.”

ಬೀಗವನ್ನು ದೊಡ್ಡೀರಯ್ಯ ಕಲ್ಲಿನಿಂದ ಎರಡೇ ಏಟಿಗೆ ಒಡೆದ. ಹೇಗೂ ಮೂರು ದಿನಕ್ಕೆ ಕೆಲಸ ಹೋಗುತ್ತದೆ, ಇನ್ನೇನು ಕಿತ್ತುಕೊಳ್ಳುತ್ತಾರೆ ಎಂದು ನಾನು ಸೆರಗು ಸಿಕ್ಕಿಸಿ ತಗಡಿನ ತಂತಿ ಬಿಚ್ಚತೊಡಗಿದೆ. ಚರಂಡಿ ಕಲ್ಲಿನಿಂದ ಒಬ್ಬೊಬ್ಬರೇ ಎದ್ದು ಬಂದು ಕೈಹಾಕಿದರು. ಸಂಜೆ ಐದರ ಹೊತ್ತಿಗೆ ಒಂದು ತಗಡೂ ನಿಂತಿರಲಿಲ್ಲ. ಹದಿನಾಲ್ಕು ‘ಬಾರದು’ಗಳ ಬೋರ್ಡನ್ನು ಒಬ್ಬ ಮುದುಕಿ ಬೋರಲು ಹಾಕಿ ಅದರ ಮೇಲೆ ಸೊಪ್ಪು ಹೆಚ್ಚಲು ಕೂತಳು.

ನಂಜುಂಡಾರಾಧ್ಯರು ಮಂಗಳವಾರ ಬೆಳಿಗ್ಗೆಯೇ ಕಾರಿನಿಂದ ಇಳಿದರು. ಬಿರುಬಿಸಿಲಲ್ಲಿ ಕೆಂಪು ಮಣ್ಣಿನ ಮೇಲೆ ಎಪ್ಪತ್ತು ಜನ, ಹನ್ನೆರಡು ಒಲೆ, ಎರಡು ಕೋಲಿಗೆ ಹಗ್ಗ ಕಟ್ಟಿ ಒಣಹಾಕಿದ ಸೀರೆಗಳು. ಅವರ ಮುಖ ಕೆಂಪಗಾಯಿತು.

“ಏನಮ್ಮಾ ಚೂಡಾಮಣಿ ಇದು? ಪಾರ್ಕಂತೂ ಹೋಯ್ತು, ಜಾಗಾನೂ ಗಲೀಜು ಮಾಡಿಸ್ತಿದೀಯಾ?”

“ಕಾಯ್ತಾ ಇದಾರೆ ಸಾರ್,” ಎಂದೆ. “ಪಾರ್ಕಿಗೆ.”

“ಇವರು ಕಾಯ್ತಿರೋದು ಪೇಷಂಟಿಗೆ.”

“ಅದಕ್ಕೇ ಸಾರ್ ಪಾರ್ಕ್ ಬೇಕಾಗಿರೋದು.”

ಅವರು ಮುಂದೆ ಟವೆಲು ಹೊದ್ದು ಕೂತು ಎವೆಯಿಕ್ಕದೆ ತಮ್ಮನ್ನೇ ನೋಡುತ್ತಿದ್ದ ಕೆಂಪಾಜಮ್ಮನನ್ನು ಕಂಡು ಕಾರಿನ ಕಡೆ ತಿರುಗಿದರು. ಪೊಲೀಸರನ್ನು ಕರೆಸುತ್ತೇನೆ ಎಂದು ಡ್ರೈವರಿಗೆ ಹೇಳುತ್ತ ಹೋದರು. ಯಾಕೋ ಕರೆಸಲಿಲ್ಲ.

ಮಂಗಳವಾರ ಗಡಿಗೆ ಇಪ್ಪತ್ತು ಹೆಜ್ಜೆ ಉಳಿದಿತ್ತು. ಬುಧವಾರ ಹತ್ತು. ಮಣ್ಣಿನ ಮೇಲೆ ಜನ ನೂರು ದಾಟಿದರು, ಇಬ್ಬರಿಗೆ ಬಿಸಿಲಿಗೆ ತಲೆ ಸುತ್ತು ಬಂತು. ನನಗೆ ಹೆದರಿಕೆ ಶುರುವಾಯಿತು. ಇವರನ್ನು ಸುಮ್ಮನೆ ಬಿಸಿಲಲ್ಲಿ ಬೇಯಿಸುತ್ತಿದ್ದೇನಾ ಎನಿಸಿ ಕೆಂಪಾಜಮ್ಮನಿಗೆ ಕೈಮುಗಿದು, ಏಳಿ, ಸಾಕು ಎಂದೆ.

“ನಮ್ಮ ಯಜಮಾನ್ರು ಸೊಂಟ ಮುರ್ಕಂಡು ಮಲಗವ್ರೆ, ಎದ್ದೇಳ್ತಾರೋ ಇಲ್ವೋ ಡಾಕ್ಟ್ರಿಗೇ ಗೊತ್ತಿಲ್ಲ. ಅವ್ರಿಗೇ ಕಾಯ್ತಿದೀನಿ. ಮರಕ್ಕೆ ಕಾಯಾದೇನು ಮಹಾ,” ಎಂದಳು.

ಗುರುವಾರ ಬೆಳಿಗ್ಗೆ ಗಡಿಕಲ್ಲಿನ ಹತ್ತಿರ ಹೋದಾಗ ಅಳೆಯಲು ಏನೂ ಉಳಿದಿರಲಿಲ್ಲ. ಮುಂದಿದ್ದ ಹೊಂಗೆಯ ನೆರಳು ಕಲ್ಲನ್ನು ಮುಟ್ಟಿತ್ತು. ಆಚೆ ಕಮಾನಿನ ಕೆಳಗೆ ಪಕ್ಕದೂರಿನವರು ವಾಲಗದವರ ಸಮೇತ ಸಾಲಾಗಿ ನಿಂತಿದ್ದರು, ಅವರ ಅಧ್ಯಕ್ಷರ ಕೈಯಲ್ಲಿ ಆರತಿ ತಟ್ಟೆ. ಈಚೆ ನಾನು, ದೊಡ್ಡೀರಯ್ಯ, ನಂಜುಂಡಾರಾಧ್ಯರು, ಇಷ್ಟೇ ಜನ. ನಂಜುಂಡಾರಾಧ್ಯರ ಕಣ್ಣು ತುಂಬಿತ್ತು. ಅವರಿಗೂ ಆ ಪಾರ್ಕು ಬೇಕಿತ್ತು ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ಎಂಟೂವರೆಗೆ ಎಲೆ ಅಲ್ಲಾಡಿತು. ಗಾಳಿ ಇರಲಿಲ್ಲ. ಪಕ್ಕದೂರಿನವರು ವಾಲಗ ಶುರುಮಾಡಿದರು. ಪಾರ್ಕು ಅರ್ಧ ಹೆಜ್ಜೆ ಹಿಂದಕ್ಕೆ ಸರಿಯಿತು. ನನ್ನ ಕಣ್ಣನ್ನು ನನಗೇ ನಂಬಲಾಗಲಿಲ್ಲ, ಕಲ್ಲಿನ ಹತ್ತಿರ ಬಗ್ಗಿ ನೋಡಿದೆ. ನೆರಳು ಕಲ್ಲು ಬಿಟ್ಟಿತ್ತು. ಬೇವುಗಳು ಒಂದೊಂದಾಗಿ ಊರಿನ ಕಡೆ ಬಾಗಿದವು, ಅತ್ತಿ ಬಾಗಿತು, ಆಮೇಲೆ ಎರಡು ಎಕರೆಯೂ ಹುಲ್ಲಿನ ಸಮೇತ ತಿರುಗಿ ನಡೆಯತೊಡಗಿತು. ದಿನಕ್ಕೆ ಹತ್ತು ಹೆಜ್ಜೆಯಲ್ಲ, ದನ ಸಂಜೆ ಮನೆಗೆ ಬರುವ ವೇಗದಲ್ಲಿ. ನಮಗೆ ಹಿಂದೆ ಹಿಂದೆ ಓಡಬೇಕಾಯಿತು. ಪಕ್ಕದೂರಿನ ವಾಲಗದವರು ಶುರುಮಾಡಿದ್ದನ್ನು ನಿಲ್ಲಿಸಲು ತಿಳಿಯದೆ ಇನ್ನೂ ಬಾರಿಸುತ್ತಲೇ ಇದ್ದರು.

ಕಸದ ಬಯಲು ದಾಟಿ ಅದು ಪೇಟೆ ಬೀದಿಗೆ ಇಳಿದಾಗ ಒಂಬತ್ತೂವರೆ, ಅಂಗಡಿಗಳು ಬಾಗಿಲು ತೆಗೆಯುವ ಹೊತ್ತು. ನಂಜುಂಡಾರಾಧ್ಯರು ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ಓಡುತ್ತ, “ಟಾರ್ಪಾಲು ಬಿಚ್ಚಿ, ಗಾಡಿ ಸರಿಸಿ, ಪಾರ್ಕ್ ಬರ್ತಿದೆ,” ಎಂದು ಕೂಗಿದರು. ನಮ್ಮೂರಿನವರಿಗೆ ಎರಡನೇ ಸಲ ಹೇಳಬೇಕಾಗಿರಲಿಲ್ಲ. ಹಣ್ಣಿನ ಗಾಡಿಗಳು ಗಲ್ಲಿ ಸೇರಿದವು, ಹೋಟೆಲಿನವರು ಬೋರ್ಡು ಇಳಿಸಿದರು, ಲೈನ್‌ಮನ್ ಕಂಬ ಹತ್ತಿ ಕರೆಂಟಿನ ತಂತಿಯನ್ನು ಕೋಲಿನಿಂದ ಎತ್ತಿ ಹಿಡಿದ. ಬೀದಿ ಮೂವತ್ತು ಅಡಿ ಅಗಲ. ಪಾರ್ಕು ಮೈ ಕುಗ್ಗಿಸಿಕೊಂಡು, ಮರಗಳು ಎರಡೆರಡಾಗಿ ಸಾಲು ಕಟ್ಟಿ, ಒಂದು ಅಂಗಡಿಯ ಹಲಗೆಯೂ ತಾಗದಂತೆ ನಡೆದು ಬಂತು. ಅತ್ತಿಯ ಮೇಲಿನ ಗಿಳಿಗಳು ಹಾರದೆ ಕೂತಲ್ಲೇ ಕೂತಿದ್ದವು. ಮಹಡಿಯ ಮೇಲಿನಿಂದ ಹೆಂಗಸರು ಸೇವಂತಿಗೆ ಎಸೆದರು, ಬ್ಯಾಂಕಿನವರು ಹೊರಗೆ ಬಂದು ನಿಂತರು, ಕತ್ತರಿ ಹಿಡಿದ ಕ್ಷೌರಿಕನೂ ಅರ್ಧ ಕ್ಷೌರವಾದ ಗಿರಾಕಿಯೂ ಜೊತೆಯಲ್ಲೇ ಮೆರವಣಿಗೆ ಸೇರಿದರು. ನನಗೆ ನಗುವೋ ಅಳುವೋ ತಿಳಿಯದೆ ಎರಡೂ ಒಟ್ಟಿಗೇ ಬಂತು. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಯಾಗಿದ್ದು ಅವತ್ತೇ.

ಆಸ್ಪತ್ರೆ ಮಗ್ಗುಲಿನ ಮಣ್ಣಿನ ಮೇಲೆ ಕೂತಿದ್ದ ನೂರು ಜನರಲ್ಲಿ ಒಬ್ಬರೂ ಏಳಲಿಲ್ಲ. ಎದ್ದರೆ ಜಾಗ ಹೋಗುತ್ತದೆ ಎಂದು ಭಯ ಇರಬಹುದು, ಅಥವಾ ಬಂದವರನ್ನು ಕೂತೇ ಬರಮಾಡಿಕೊಳ್ಳುವಷ್ಟು ಸಲಿಗೆ ಇರಬಹುದು. ಪಾರ್ಕು ಅವರ ನಡುನಡುವೆಯೇ ಜಾಗ ಮಾಡಿಕೊಂಡಿತು. ಹುಲ್ಲು ಚಾಪೆಗಳ ಅಡಿಗೆ ನುಗ್ಗಿತು, ಮರಗಳು ಒಲೆಗಳನ್ನು ಸುತ್ತು ಹಾಕಿ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಂತವು. ಒಂದು ಪಾತ್ರೆಯ ಗಂಜಿಯೂ ಚೆಲ್ಲಲಿಲ್ಲ. ಮುಂದಿನ ಹೊಂಗೆಯ ನೆರಳು ಕೆಂಪಾಜಮ್ಮನ ಕಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ತಲೆಗೆ ಹತ್ತಿತು. ಅವಳು ಒದ್ದೆ ಟವೆಲು ತೆಗೆದು ಹಿಂಡಿ ಪಕ್ಕದಲ್ಲಿ ಹರಡಿದಳು.

“ಬಂದ್ಯಾ,” ಎಂದಳು ಮರಕ್ಕೆ. ಅಷ್ಟೇ ಅಂದಿದ್ದು.

ಆಗಲೇ ಆಸ್ಪತ್ರೆಯ ಕಿಟಕಿ ತೆರೆದು ನರ್ಸು ಕೂಗಿದಳು. “ಕೆಂಪಾಜಮ್ಮ ಯಾರು? ನಿಮ್ಮ ಯಜಮಾನ್ರನ್ನ ಎದ್ದು ನಿಲ್ಲಿಸ್ತಿದೀವಿ. ಒಂದು ಕೈ ಹಿಡ್ಕೊಳ್ಳೋಕೆ ಬನ್ನಿ.”

ಕೆಂಪಾಜಮ್ಮ ಧಡಕ್ಕನೆ ಎದ್ದಳು. ನಾಲ್ಕು ಹೆಜ್ಜೆ ಓಡಿ, ನಿಂತು, ತಿರುಗಿ ನನ್ನ ಕಡೆ ಬೆರಳು ಮಾಡಿದಳು. “ಇದು ನನ್ ಜಾಗ. ಬರೋವರ್ಗೂ ನೋಡ್ಕ ತಾಯಿ,” ಎಂದು ಹೇಳಿ ಓಡಿದಳು.

ನಾನು ಅವಳ ಟವೆಲಿನ ಪಕ್ಕದಲ್ಲಿ ಮರಕ್ಕೆ ಒರಗಿ ಕೂತೆ. ಸ್ವಲ್ಪ ಹೊತ್ತಿಗೆ ನಂಜುಂಡಾರಾಧ್ಯರು ಬೆವರು ಒರೆಸಿಕೊಳ್ಳುತ್ತ ಬಂದರು. ಕೊರಳಲ್ಲಿ ಪೇಟೆಯವರು ಹಾಕಿದ ಹಾರ, ಮುಖದಲ್ಲಿ ಸುಸ್ತು ಮತ್ತು ಸಂತೋಷ. ಉಸ್ಸಪ್ಪಾ ಎಂದು ಟವೆಲಿನ ಮೇಲೆ ಕೂರಲು ಬಗ್ಗಿದರು. ನಾನು ಟವೆಲಿನ ಮೇಲೆ ಕೈಯಿಟ್ಟೆ.

“ಇಲ್ಲಿ ಜನ ಇದಾರೆ ಸಾರ್,” ಎಂದೆ.

ಅವರು ನನ್ನನ್ನೂ ಟವೆಲನ್ನೂ ನೋಡಿದರು. ಆಮೇಲೆ ಹಾರ ತೆಗೆದು ಕೈಯಲ್ಲಿ ಹಿಡಿದು, ಸೊಪ್ಪು ಹೆಚ್ಚುತ್ತಿದ್ದ ಮುದುಕಿಯ ಹತ್ತಿರ ಹೋಗಿ, “ಅಜ್ಜಿ, ಒಂಚೂರು ಆಕಡೆ ಸರೀತೀರಾ?” ಎಂದು ಕೇಳಿದರು. ಅವಳು ಸರಿದು ಜಾಗ ಕೊಟ್ಟಳು.